ಹ್ಯಾಪ್ಟೊಗ್ಲೋಬಿನ್ ವರದಿಯನ್ನು ಓದುವ ಬಗೆ

ಮಧ್ಯಾಹ್ನದ ಬಿಡುವಿನಲ್ಲಿ ಪೋಷಕರೊಬ್ಬರು ಶಾಲೆಯ ಜಗಲಿಯ ಬಳಿ ಬಂದು ನಿಲ್ಲುತ್ತಾರೆ. ಕೈಯಲ್ಲಿ ನಾಲ್ಕಾಗಿ ಮಡಿಸಿದ ಕಾಗದವಿರುತ್ತದೆ. ಕಾಸರಗೋಡಿನಲ್ಲಾದರೆ ‘ಮಾಸ್ಟ್ರೇ’ ಎಂದೂ ಜತ್ತದಲ್ಲಾದರೆ ‘ಮಾಸ್ತರ್ರೇ’ ಎಂದೂ ಕರೆದು, ‘ಇದರಲ್ಲಿ ಏನು ಬರೆದಿದ್ದಾರೆ, ಒಂಚೂರು ನೋಡಿ ಹೇಳಿ’ ಎನ್ನುತ್ತಾರೆ. ವೈದ್ಯರು ಮಲಯಾಳದಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಹೇಳಿದ ಮಾತು ಅವರಿಗೆ ಅರ್ಧ ಮಾತ್ರ ತಿಳಿದಿದೆ. ವರದಿ ಇಂಗ್ಲಿಷಿನಲ್ಲಿದೆ. ಅದನ್ನು ಓದಿ ಕನ್ನಡದಲ್ಲಿ ತಿಳಿಸಬಲ್ಲವರು ಅನೇಕ ಊರುಗಳಲ್ಲಿ ಶಿಕ್ಷಕರೇ ಆಗಿರುತ್ತಾರೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷ ಕಳೆದವರಿಗೆ ಈ ಪ್ರಸಂಗ ಹೊಸದೇನಲ್ಲ.

ಸಕ್ಕರೆಯ ವರದಿ, ಹಿಮೊಗ್ಲೋಬಿನ್ ವರದಿಗಳನ್ನು ನಾವು ಹೇಗೋ ಓದಿ ಹೇಳುತ್ತೇವೆ. ಆದರೆ ಆ ಹಾಳೆಯಲ್ಲಿ ‘ಹ್ಯಾಪ್ಟೊಗ್ಲೋಬಿನ್’ ಎಂಬ ಹೆಸರು ಕಂಡಾಗ ಹೆಚ್ಚಿನವರು ತಡವರಿಸುತ್ತಾರೆ. ಪಕ್ಕದಲ್ಲಿ ಕೆಳಮುಖದ ಬಾಣದ ಗುರುತಿದ್ದರೆ ಮುಖದಲ್ಲಿ ಗಾಬರಿ ಕಾಣಿಸಿಕೊಳ್ಳುತ್ತದೆ. ಗುರುತಿಲ್ಲದಿದ್ದರೆ ‘ಎಲ್ಲ ಸರಿಯಾಗಿದೆ, ಹೋಗಿ ಬನ್ನಿ’ ಎಂಬ ಮಾತು ತಾನಾಗಿ ಹೊರಬರುತ್ತದೆ. ಎರಡೂ ತಪ್ಪಾಗಬಹುದು. ಅಂಕಿಯನ್ನು ವ್ಯಾಪ್ತಿಯೊಡನೆ ಹೋಲಿಸಿ ಅಲ್ಲಿಗೇ ನಿಲ್ಲಿಸುವವರನ್ನು ದಾರಿ ತಪ್ಪಿಸುವ ಪರೀಕ್ಷೆಗಳಲ್ಲಿ ಇದೂ ಒಂದು. ಪ್ರೌಢಶಾಲೆಯ ‘ರಕ್ತ’ದ ಪಾಠಕ್ಕೂ ಗಣಿತದ ಸರಾಸರಿ, ಸಂಭವನೀಯತೆಯ ಪಾಠಗಳಿಗೂ ಇದು ಒಳ್ಳೆಯ ಸಾಮಗ್ರಿಯಾದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಗೋಣಿಚೀಲದ ಲೆಕ್ಕ

ನಮ್ಮ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಮುಪ್ಪಾದ ಕಣಗಳಲ್ಲಿ ಹೆಚ್ಚಿನವನ್ನು ಗುಲ್ಮ ಹಾಗೂ ಯಕೃತ್ತಿನ ಭಕ್ಷಕ ಕೋಶಗಳು ನುಂಗಿ, ಒಳಗಿನ ಕಬ್ಬಿಣವನ್ನು ಮತ್ತೆ ಬಳಕೆಗೆ ಕೊಡುತ್ತವೆ. ಸ್ವಲ್ಪ ಪಾಲು ಮಾತ್ರ ರಕ್ತನಾಳದೊಳಗೇ ಒಡೆಯುತ್ತದೆ. ಆಗ ಹಿಮೊಗ್ಲೋಬಿನ್ ಕಣದ ಗೋಡೆಯಿಂದ ಹೊರಬಂದು ಪ್ಲಾಸ್ಮಾದಲ್ಲಿ ಸೇರುತ್ತದೆ. ಕಣದೊಳಗೆ ಪ್ರಾಣವಾಯುವನ್ನು ಹೊರುವ ಈ ವಸ್ತು ಹೊರಗೆ ಬಂದೊಡನೆ ಉಪದ್ರವಕಾರಿಯಾಗುತ್ತದೆ. ಅದು ಎರಡು ಹೋಳಾಗಿ ಮೂತ್ರಪಿಂಡದ ಸೋಸುಜಾಲದ ಮೂಲಕ ನುಸುಳುತ್ತದೆ. ಕಬ್ಬಿಣ ನಷ್ಟವಾಗುತ್ತದೆ; ಹೆಚ್ಚಾದರೆ ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ.

ಇದನ್ನು ತಡೆಯುವ ಕಾವಲುಗಾರನೇ ಹ್ಯಾಪ್ಟೊಗ್ಲೋಬಿನ್. ಯಕೃತ್ತಿನಲ್ಲಿ ತಯಾರಾಗಿ ಪ್ಲಾಸ್ಮಾದಲ್ಲಿ ಸಂಚರಿಸುವ ಈ ಪ್ರೋಟೀನ್, ಬಿಡಿ ಹಿಮೊಗ್ಲೋಬಿನ್ ಕಂಡೊಡನೆ ಅದನ್ನು ಬಿಗಿಯಾಗಿ ಹಿಡಿಯುತ್ತದೆ. 1938ರಲ್ಲಿ ಪೊಲೊನೊವ್‌ಸ್ಕಿ ಮತ್ತು ಜೇಲ್ ಎಂಬ ಫ್ರೆಂಚ್ ವಿಜ್ಞಾನಿಗಳು ಇದನ್ನು ಗುರುತಿಸಿದರು. ‘ಹಿಡಿ’, ‘ಕಟ್ಟು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅದರ ಹೆಸರು ಬಂದಿದೆ. ಜೋಡಿಯಾದ ಮೇಲೆ ಅದರ ಗಾತ್ರ ದೊಡ್ಡದಾಗುವುದರಿಂದ ಮೂತ್ರಪಿಂಡದಲ್ಲಿ ನುಸುಳಲಾರದು. ಭಕ್ಷಕ ಕೋಶಗಳು ಕೆಲವೇ ನಿಮಿಷಗಳಲ್ಲಿ ಆ ಜೋಡಿಯನ್ನು ಒಳಗೆಳೆದುಕೊಂಡು ಎರಡನ್ನೂ ಜೀರ್ಣಿಸಿಬಿಡುತ್ತವೆ. ಎರಡನ್ನೂ ಎಂಬ ಮಾತಿನಲ್ಲಿಯೇ ಪರೀಕ್ಷೆಯ ಗುಟ್ಟಿದೆ. ಹಿಡಿದವನು ಹಿಂದಿರುಗಿ ಬರುವುದಿಲ್ಲ.

ತರಗತಿಯಲ್ಲಿ ಇದನ್ನು ಹೇಳಲು ಸಂತೆಯ ಅಂಗಡಿಯ ಉದಾಹರಣೆ ಸಾಕು. ಧಾನ್ಯದ ಅಂಗಡಿಯಲ್ಲಿ ಖಾಲಿ ಗೋಣಿಚೀಲಗಳ ಕಟ್ಟು ಇರುತ್ತದೆ. ನೆಲಕ್ಕೆ ಚೆಲ್ಲಿದ ಜೋಳವನ್ನು ಒಂದೊಂದು ಚೀಲದಲ್ಲಿ ತುಂಬಿ ಚೀಲಸಹಿತ ಸಾಗಿಸುತ್ತಾರೆ. ಸಂಜೆ ಎಷ್ಟು ಖಾಲಿ ಚೀಲ ಉಳಿದಿವೆ ಎಂದು ಎಣಿಸಿದರೆ ಎಷ್ಟು ಜೋಳ ಚೆಲ್ಲಿತ್ತೆಂಬುದನ್ನು ಊಹಿಸಬಹುದು. ಹ್ಯಾಪ್ಟೊಗ್ಲೋಬಿನ್ ಪರೀಕ್ಷೆಯೂ ಹೀಗೆಯೇ. ಚೆಲ್ಲಿದ ಜೋಳವನ್ನು ಅದು ಅಳೆಯುವುದಿಲ್ಲ. ಉಳಿದ ಚೀಲಗಳನ್ನು ಎಣಿಸುತ್ತದೆ.

ಈ ಎಣಿಕೆ ಎಷ್ಟು ಸೂಕ್ಷ್ಮವೆಂಬುದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಲೀಟರಿಗೆ 140 ಗ್ರಾಂನಂತೆ ಒಟ್ಟು ಹಿಮೊಗ್ಲೋಬಿನ್ 700 ಗ್ರಾಂ. 120 ದಿನಗಳಿಂದ ಭಾಗಿಸಿದರೆ ದಿನಕ್ಕೆ ಸುಮಾರು 6 ಗ್ರಾಂ ಹಳೆಯದಾಗಿ ಹೋಗುತ್ತದೆ. ಪ್ಲಾಸ್ಮಾ ಸುಮಾರು 3 ಲೀಟರ್. ಅದರಲ್ಲಿ ಲೀಟರಿಗೆ 1 ಗ್ರಾಂ ಹ್ಯಾಪ್ಟೊಗ್ಲೋಬಿನ್ ಇದ್ದರೆ ಒಟ್ಟು 3 ಗ್ರಾಂ. ಅಷ್ಟರಿಂದ ಸ್ಥೂಲವಾಗಿ 2 ಗ್ರಾಂ ಹಿಮೊಗ್ಲೋಬಿನನ್ನು ಹಿಡಿಯಬಹುದು. ಅಂದರೆ 700ರಲ್ಲಿ 2 ಗ್ರಾಂ, ಮುನ್ನೂರೈವತ್ತರಲ್ಲಿ ಒಂದು ಪಾಲು ಒಮ್ಮೆಲೇ ರಕ್ತನಾಳದಲ್ಲಿ ಒಡೆದರೂ ಚೀಲಗಳೆಲ್ಲ ಮುಗಿದುಹೋಗುತ್ತವೆ. ಅಷ್ಟು ಅಲ್ಪ ನಷ್ಟದಿಂದ ಹಿಮೊಗ್ಲೋಬಿನ್ ಅಂಕಿಯಲ್ಲಿ ಕಣ್ಣಿಗೆ ಬೀಳುವ ಬದಲಾವಣೆ ಆಗುವುದೇ ಇಲ್ಲ. ರಕ್ತಹೀನತೆ ತೋರುವ ಮೊದಲೇ ಹ್ಯಾಪ್ಟೊಗ್ಲೋಬಿನ್ ಕುಸಿದಿರುವುದು ಇದರಿಂದಲೇ.

ಅಂಕಿ, ಏಕಮಾನ, ವ್ಯಾಪ್ತಿ

ವಯಸ್ಕರಲ್ಲಿ ಸಾಮಾನ್ಯವಾಗಿ ಮುದ್ರಿತವಾಗುವ ವ್ಯಾಪ್ತಿ ಡೆಸಿಲೀಟರಿಗೆ 30ರಿಂದ 200 ಮಿಲಿಗ್ರಾಂ. ಕೆಲವು ಪ್ರಯೋಗಾಲಯಗಳಲ್ಲಿ ಕೆಳತುದಿ 40ರ ಆಸುಪಾಸು, ಮೇಲ್ತುದಿ 165ರ ಆಸುಪಾಸು ಇರುವುದೂ ಉಂಟು. ಯಂತ್ರ, ರಾಸಾಯನಿಕ, ಅಳೆಯುವ ವಿಧಾನಗಳು ಬೇರೆಯಾದಂತೆ ವ್ಯಾಪ್ತಿಯೂ ಬದಲಾಗುತ್ತದೆ. ಆದುದರಿಂದ ಒಂದು ಹಾಳೆಯ ಅಂಕಿಯನ್ನು ಇನ್ನೊಂದು ಹಾಳೆಯ ವ್ಯಾಪ್ತಿಯೊಡನೆ ಹೋಲಿಸತಕ್ಕದ್ದಲ್ಲ.

ಗಡಿ ದಾಟಿ ಚಿಕಿತ್ಸೆಗೆ ಹೋಗುವ ನಮ್ಮವರಿಗೆ ಇನ್ನೊಂದು ತೊಡಕಿದೆ. ಕಾಸರಗೋಡಿನವರು ಮಂಗಳೂರಿಗೆ, ಆದೋನಿಯವರು ಬಳ್ಳಾರಿಗೆ ಹೋಗುವುದು ಸಾಮಾನ್ಯ. ಊರಿನ ಪ್ರಯೋಗಾಲಯ 48 ಎಂದು ಬರೆದಿರುತ್ತದೆ, ಪಟ್ಟಣದ್ದು 0.45 ಎಂದು. ನೂರು ಪಟ್ಟು ಇಳಿಯಿತೆಂದು ಮನೆಯವರು ಕಂಗಾಲಾಗುತ್ತಾರೆ. ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಗ್ರಾಂ. ಡೆಸಿಲೀಟರಿಗೆ 100 ಮಿಲಿಗ್ರಾಂ ಎಂದರೆ ಲೀಟರಿಗೆ 1 ಗ್ರಾಂ. ಎರಡು ವರದಿಗಳಿಗೂ ಅರ್ಥದಲ್ಲಿ ವ್ಯತ್ಯಾಸವೇ ಇಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾಡಬಲ್ಲ ಲೆಕ್ಕ ಒಂದು ಮನೆಯ ಒಂದು ರಾತ್ರಿಯ ನಿದ್ದೆಯನ್ನು ಉಳಿಸಬಲ್ಲದು.

ಚಿಹ್ನೆಗಳ ಕಡೆಗೂ ಗಮನವಿರಲಿ. ‘<10’ ಎಂದಿದ್ದರೆ ಹತ್ತು ಎಂದು ಅರ್ಥವಲ್ಲ; ಯಂತ್ರಕ್ಕೆ ಅಳೆಯಲಾರದಷ್ಟು ಕಡಿಮೆ ಇದೆ ಎಂದು ಅರ್ಥ. ಆ ಚಿಹ್ನೆಯನ್ನು ಬಿಟ್ಟು ಓದಿದರೆ ಅಥವಾ ತಿರುಗಿಸಿ ಓದಿದರೆ ಮಾತೇ ತಲೆಕೆಳಗಾಗುತ್ತದೆ.

‘ಸಾಮಾನ್ಯ ವ್ಯಾಪ್ತಿ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು, ಎರಡು ತುದಿಗಳಲ್ಲಿ ಶೇಕಡ ಎರಡೂವರೆಯಂತೆ ಬಿಟ್ಟು, ನಡುವಿನ ಶೇ. 95ನ್ನು ವ್ಯಾಪ್ತಿ ಎಂದು ಹೇಳುವುದು ವಾಡಿಕೆ. ಅಂದರೆ ನೂರು ಮಂದಿ ಆರೋಗ್ಯವಂತರಲ್ಲಿ ಐವರು ಈ ಗೆರೆಯ ಹೊರಗೇ ಇರುತ್ತಾರೆ. ಒಬ್ಬನೇ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಎಲ್ಲವೂ ವ್ಯಾಪ್ತಿಯೊಳಗೇ ಬರುವ ಸಂಭವನೀಯತೆ 0.95ರ ಇಪ್ಪತ್ತನೆಯ ಘಾತ, ಸುಮಾರು 0.36. ಮೂರರಲ್ಲಿ ಎರಡರಷ್ಟು ಸಲ ಯಾವುದಾದರೊಂದು ಅಂಕಿ ಹೊರಗೆ ಬೀಳುತ್ತದೆ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠದಲ್ಲಿ ದಾಳ, ನಾಣ್ಯಗಳ ನಡುವೆ ಈ ಲೆಕ್ಕಕ್ಕೂ ಜಾಗ ಕೊಡಬಹುದು. ಮಕ್ಕಳು ನಾಣ್ಯದ ಲೆಕ್ಕವನ್ನು ಮರೆತರೂ ಇದನ್ನು ಮರೆಯಲಾರರು.

ಎಳೆಯ ಮಗುವಿನ ವರದಿಯಲ್ಲಿ ವಿಶೇಷ ಎಚ್ಚರ ಬೇಕು. ಹುಟ್ಟಿದಾಗ ಹ್ಯಾಪ್ಟೊಗ್ಲೋಬಿನ್ ಬಹಳ ಕಡಿಮೆ. ಅನೇಕ ವೇಳೆ ಅಳೆಯಲಿಕ್ಕೂ ಸಿಗದು. ಮೊದಲ ಕೆಲವು ತಿಂಗಳುಗಳಲ್ಲಿ ಅದು ಏರಿ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಎರಡು ವಾರದ ಕೂಸಿನ ಅಂಕಿಯ ಎದುರು ದೊಡ್ಡವರ ವ್ಯಾಪ್ತಿ ಮುದ್ರಿತವಾಗಿದ್ದರೆ ಆ ಕೆಳಮುಖದ ಬಾಣಕ್ಕೆ ಅರ್ಥವಿಲ್ಲ.

ಗಂಜಿಯ ಕಥೆ

ಎಲ್ಲರ ಹ್ಯಾಪ್ಟೊಗ್ಲೋಬಿನ್ ಒಂದೇ ಬಗೆಯದಲ್ಲ. ಇದು ಗೊತ್ತಾದ ಸಂದರ್ಭವನ್ನು ಮಕ್ಕಳಿಗೆ ಹೇಳಲೇಬೇಕು. 1950ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಆಲಿವರ್ ಸ್ಮಿಥೀಸ್ ಎಂಬ ವಿಜ್ಞಾನಿ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಪ್ರಯತ್ನದಲ್ಲಿದ್ದರು. ಕಾಗದದ ಮೇಲೆ ಅವು ಅಂಟಿಕೊಂಡು ಮುಂದೆ ಸಾಗುತ್ತಿರಲಿಲ್ಲ. ಬಾಲ್ಯದಲ್ಲಿ ತಾಯಿ ಬಟ್ಟೆಗೆ ಹಾಕುತ್ತಿದ್ದ ಗಂಜಿ ಆರಿದಾಗ ಮುದ್ದೆಗಟ್ಟುತ್ತಿದ್ದುದು ಅವರಿಗೆ ನೆನಪಾಯಿತು. ಪಿಷ್ಟವನ್ನು ಕಾಯಿಸಿ ಆರಿಸಿ ಪದರವಾಗಿ ಮಾಡಿ, ಅದರಲ್ಲಿ ರಕ್ತದ ಪ್ರೋಟೀನುಗಳನ್ನು ಓಡಿಸಿದರು. ಒಬ್ಬರ ರಕ್ತದಂತೆ ಇನ್ನೊಬ್ಬರದು ಕಾಣಲಿಲ್ಲ. ಇದು ಗಂಡು ಹೆಣ್ಣಿನ ವ್ಯತ್ಯಾಸವಿರಬೇಕೆಂದು ಅವರು ಮೊದಲು ಭಾವಿಸಿದರು. ಮುಂದೆ ಇನ್ನಷ್ಟು ಮಾದರಿಗಳನ್ನು ನೋಡಿದಾಗ ಆ ಊಹೆ ಬಿದ್ದುಹೋಯಿತು. ವ್ಯತ್ಯಾಸ ಆನುವಂಶಿಕವಾದದ್ದೆಂದೂ ಅದು ಹ್ಯಾಪ್ಟೊಗ್ಲೋಬಿನ್‌ನಲ್ಲಿದೆಯೆಂದೂ ತಿಳಿದುಬಂತು. ಇದೇ ಸ್ಮಿಥೀಸ್ ಅವರಿಗೆ 2007ರಲ್ಲಿ ಬೇರೆ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಬಂದಿತು.

ಈಗ 1-1, 2-1, 2-2 ಎಂದು ಮೂರು ಮುಖ್ಯ ಪ್ರಕಾರಗಳನ್ನು ಗುರುತಿಸುತ್ತಾರೆ. ಭಾರತೀಯರಲ್ಲಿ 2-2 ಪ್ರಕಾರದವರು ಅಧಿಕ. ಆ ಪ್ರಕಾರದವರ ಸರಾಸರಿ ಮಟ್ಟ 1-1ರವರಿಗಿಂತ ಕಡಿಮೆ ಇರುವುದು ಕಂಡುಬಂದಿದೆ. ವ್ಯಾಪ್ತಿಯ ಕೆಳತುದಿಯ ಆಸುಪಾಸಿನ ಅಂಕಿ ಬಂದಾಗ ವೈದ್ಯರು ಒಮ್ಮೆಲೇ ತೀರ್ಮಾನಕ್ಕೆ ಬಾರದಿರಲು ಇದೂ ಒಂದು ಕಾರಣ.

ಕಡಿಮೆ ಇದ್ದಾಗ

ಅಂಕಿ 25ಕ್ಕಿಂತ ಕೆಳಗಿಳಿದರೆ ರಕ್ತಕಣಗಳು ಅಕಾಲದಲ್ಲಿ ಒಡೆಯುತ್ತಿರುವ ಶಂಕೆ ಬಲವಾಗುತ್ತದೆ. ಆಗ ಅದೇ ಹಾಳೆಯಲ್ಲಿ ಇತರ ಸಾಕ್ಷಿಗಳನ್ನು ಹುಡುಕಬೇಕು. ಎಲ್‌ಡಿಎಚ್ ಎಂಬ ಕಿಣ್ವ ಒಡೆದ ಕಣಗಳಿಂದ ಹೊರಬಂದು ಏರಿರುತ್ತದೆ. ಪರೋಕ್ಷ ಬಿಲಿರುಬಿನ್ ಏರಿ ಕಣ್ಣು ಹಳದಿಯಾಗಿರುತ್ತದೆ. ನಷ್ಟವನ್ನು ತುಂಬಲು ಮಜ್ಜೆ ಅವಸರದಿಂದ ಕಳುಹಿಸಿದ ಎಳೆಯ ಕಣಗಳು, ಅಂದರೆ ರೆಟಿಕ್ಯುಲೊಸೈಟುಗಳು, ಹೆಚ್ಚಾಗಿರುತ್ತವೆ. ನಾಲ್ಕೂ ಒಂದೇ ದಿಕ್ಕನ್ನು ತೋರಿದರೆ ಸಂದೇಹಕ್ಕೆ ಎಡೆಯಿಲ್ಲ.

ಹ್ಯಾಪ್ಟೊಗ್ಲೋಬಿನ್ ಒಂದೇ ಕಡಿಮೆಯಾಗಿದ್ದು ಉಳಿದವೆಲ್ಲ ಸರಿಯಿದ್ದರೆ? ಚೀಲಗಳು ಖರ್ಚಾಗಿರಬೇಕೆಂದೇನೂ ಇಲ್ಲ. ಚೀಲ ಹೊಲಿಯುವ ಕಾರ್ಖಾನೆಯೇ ನಿಂತಿರಬಹುದು. ಯಕೃತ್ತಿನ ತೀವ್ರ ರೋಗದಲ್ಲಿ ಹೀಗಾಗುತ್ತದೆ. ಹುಟ್ಟಿನಿಂದಲೇ ಹ್ಯಾಪ್ಟೊಗ್ಲೋಬಿನ್ ಇಲ್ಲದ ಅಪರೂಪದ ಜನರೂ ಉಂಟು; ದಿನನಿತ್ಯದ ಬಾಳಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಈಸ್ಟ್ರೊಜೆನ್ ಇರುವ ಗುಳಿಗೆಗಳಿಂದಲೂ ಮಟ್ಟ ತುಸು ಇಳಿಯುತ್ತದೆ. ಇನ್ನು ರಕ್ತ ತೆಗೆಯುವಾಗ ಸೂಜಿಯಲ್ಲೋ ನಳಿಕೆಯಲ್ಲೋ ಕಣಗಳು ಒಡೆದುಹೋದರೆ ಇಡೀ ವರದಿಯೇ ಕೆಡುತ್ತದೆ. ಅಂಥ ಮಾದರಿಯ ಬಗ್ಗೆ ಪ್ರಯೋಗಾಲಯದವರು ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಬರೆದಿರುತ್ತಾರೆ. ಅಂಕಿಗಿಂತ ಮೊದಲು ಆ ಸಣ್ಣ ಅಕ್ಷರವನ್ನು ಓದುವುದು ಒಳ್ಳೆಯ ಅಭ್ಯಾಸ.

ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ‘ಕಾಮಾಲೆ’ ಎಂದು ಹೇಳಿ ಸೊಪ್ಪಿನ ಮದ್ದು, ಪಥ್ಯ ಆರಂಭಿಸುವ ರೂಢಿಯಿದೆ. ಯಕೃತ್ತಿನ ದೋಷವೇ ಇಲ್ಲದೆ ರಕ್ತಕಣ ಒಡೆದೂ ಕಣ್ಣು ಹಳದಿಯಾಗಬಹುದೆಂಬುದು ಹೆಚ್ಚಿನವರಿಗೆ ತಿಳಿಯದು. ಕಾಮಾಲೆಯ ಜೊತೆಗೆ ಮಗು ಬಿಳಿಚಿಕೊಂಡು ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದ್ದರೆ ಪಥ್ಯಕ್ಕಾಗಿ ಕಾಯುವ ಸಮಯವಲ್ಲ ಅದು. ಅಂದೇ ಆಸ್ಪತ್ರೆಗೆ ಹೋಗಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್‌ನಂಥ ಮಾತ್ರೆಯಿಂದ ಹೀಗಾಗುವುದುಂಟು. ಅಂಥ ಪ್ರಸಂಗ ಮುಗಿದ ಮೇಲೆ ಹ್ಯಾಪ್ಟೊಗ್ಲೋಬಿನ್ ಮತ್ತೆ ಸರಿಹೋಗುತ್ತದೆ, ಕೊರತೆ ಮಾತ್ರ ಹಾಗೆಯೇ ಉಳಿಯುತ್ತದೆ. ಕಣ ಒಡೆದ ದಿನಗಳಲ್ಲೇ ಜಿ6ಪಿಡಿ ಪರೀಕ್ಷೆ ಮಾಡಿಸಿದರೆ, ಕೊರತೆಯ ಹಳೆಯ ಕಣಗಳು ನಾಶವಾಗಿ ಎಳೆಯ ಕಣಗಳು ತುಂಬಿರುವುದರಿಂದ, ಅದೂ ಸರಿಯಿದೆಯೆಂದು ಬರಬಹುದು. ಸುಮಾರು ಮೂರು ತಿಂಗಳ ಬಳಿಕ ಮತ್ತೆ ಮಾಡಿಸಿ ಎಂದು ವೈದ್ಯರು ಹೇಳಿದ್ದರೆ ಪೋಷಕರು ಅದನ್ನು ದುಡ್ಡು ಕೀಳುವ ಉಪಾಯವೆಂದು ತಿಳಿಯದಂತೆ ಶಿಕ್ಷಕರು ವಿವರಿಸಬೇಕಾಗುತ್ತದೆ.

ವ್ಯಾಪ್ತಿಯೊಳಗಿದ್ದೂ ಸರಿಯಿಲ್ಲದ್ದು

ಕಡಿಮೆ ಅಂಕಿಗಿಂತಲೂ ಮೋಸಗೊಳಿಸುವುದು ‘ಸರಿಯಾದ’ ಅಂಕಿ. ಜ್ವರ, ಸೋಂಕು, ಗಾಯ, ಕೀಲುರಿಯೂತ ಇದ್ದಾಗ ಯಕೃತ್ತು ಹ್ಯಾಪ್ಟೊಗ್ಲೋಬಿನನ್ನು ಹೆಚ್ಚಾಗಿ ತಯಾರಿಸುತ್ತದೆ. ಸ್ಟೀರಾಯ್ಡ್ ಔಷಧದಿಂದಲೂ ಹೀಗಾಗುತ್ತದೆ. ಆದುದರಿಂದ 250, 300 ಎಂಬ ಅಂಕಿ ಕಂಡರೆ ದೇಹದಲ್ಲಿ ಎಲ್ಲೋ ಉರಿಯೂತವಿದೆ ಎಂದಷ್ಟೇ ಅರ್ಥ. ಆ ಅಂಕಿಗೆಂದೇ ಬೇರೆ ಚಿಕಿತ್ಸೆಯಿಲ್ಲ. ಕಷ್ಟವಿರುವುದು ಎರಡೂ ಒಟ್ಟಿಗೆ ನಡೆದಾಗ. ಒಂದು ಕಡೆ ಚೀಲಗಳು ಖರ್ಚಾಗುತ್ತಿವೆ, ಇನ್ನೊಂದು ಕಡೆ ಲಾರಿಯಲ್ಲಿ ಹೊಸ ಚೀಲ ಬಂದಿಳಿಯುತ್ತಿದೆ. ಸಂಜೆ ಎಣಿಸಿದರೆ ದಿನದ ಲೆಕ್ಕಕ್ಕೆ ಸರಿಯಾಗಿಯೇ ಇರುತ್ತದೆ.

ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡ ಒಂದು ವರದಿಯನ್ನು ನೋಡೋಣ. ಹುಡುಗನ ವಯಸ್ಸು 13, ನಾಲ್ಕು ದಿನದ ಜ್ವರ. ಹ್ಯಾಪ್ಟೊಗ್ಲೋಬಿನ್ 62, ವ್ಯಾಪ್ತಿ 30ರಿಂದ 200. ಹಿಮೊಗ್ಲೋಬಿನ್ 8.1. ರೆಟಿಕ್ಯುಲೊಸೈಟ್ ಶೇ. 9. ಎಲ್‌ಡಿಎಚ್ 780, ಮೇಲ್ತುದಿ 300. ಒಟ್ಟು ಬಿಲಿರುಬಿನ್ 3.4, ಅದರಲ್ಲಿ ನೇರ 0.5. ಉರಿಯೂತವನ್ನು ತೋರುವ ಸಿಆರ್‌ಪಿ 64, ಮೇಲ್ತುದಿ 5. ಹ್ಯಾಪ್ಟೊಗ್ಲೋಬಿನ್ ಸಾಲನ್ನು ಮಾತ್ರ ನೋಡಿದವರು ‘ಸರಿಯಾಗಿದೆ’ ಎನ್ನುತ್ತಾರೆ. ಆದರೆ ಸಿಆರ್‌ಪಿ ಇಷ್ಟು ಏರಿರುವಾಗ ಹ್ಯಾಪ್ಟೊಗ್ಲೋಬಿನ್ ಕೂಡ ಏರಿರಬೇಕಿತ್ತು. ಏರದೆ 62ರಲ್ಲಿ ನಿಂತಿರುವುದೇ ಅನುಮಾನಕ್ಕೆ ಕಾರಣ. ಎಲ್‌ಡಿಎಚ್, ಪರೋಕ್ಷ ಬಿಲಿರುಬಿನ್, ಎಳೆಯ ಕಣಗಳು ಮೂರೂ ಕಣಗಳ ಒಡೆತವನ್ನೇ ಹೇಳುತ್ತಿವೆ. ಈ ವರದಿ ಬಂದ ದಿನ ‘ಏನೂ ಇಲ್ಲ, ಶಾಲೆಗೆ ಕಳುಹಿಸಿ’ ಎಂದು ಹೇಳಿದರೆ ಆಗುವ ಅನಾಹುತವನ್ನು ಓದುಗರೇ ಊಹಿಸಬಹುದು.

ನೀಲಗಿರಿ, ವಯನಾಡಿನ ಶಾಲೆಗಳಲ್ಲಿ

ಈ ಎರಡು ಪ್ರದೇಶಗಳ ಶಿಕ್ಷಕರಿಗೆ ವಿಷಯ ಇನ್ನೂ ಹತ್ತಿರದ್ದು. ಕುಡುಗೋಲು ಕಣ ರೋಗಕ್ಕೆ, ಅಂದರೆ ಸಿಕಲ್ ಸೆಲ್‌ಗೆ, ಕಾರಣವಾದ ಹಿಮೊಗ್ಲೋಬಿನ್ ಭಾರತದಲ್ಲಿ ಇದೆಯೆಂದು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಮೊದಲು ತೋರಿಸಿಕೊಟ್ಟದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ. ವಯನಾಡಿನ ಪಣಿಯ, ಕುರುಮ, ವಯನಾಡನ್ ಚೆಟ್ಟಿ ಮೊದಲಾದ ಸಮುದಾಯಗಳಲ್ಲಿಯೂ ಇದು ಕಂಡುಬರುತ್ತದೆ. ಆ ಸಮುದಾಯಗಳ ಮಕ್ಕಳು ನಮ್ಮ ಬೆಂಚುಗಳಲ್ಲಿಯೂ ಕುಳಿತಿರಬಹುದು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿದೆ.

ರೋಗವಿರುವ ಮಗುವಿನಲ್ಲಿ ಕಣಗಳು ಸದಾ ಒಡೆಯುತ್ತಿರುವುದರಿಂದ ಹ್ಯಾಪ್ಟೊಗ್ಲೋಬಿನ್ ಕಡಿಮೆಯೇ ಇರುತ್ತದೆ. ಆದರೆ ರೋಗವನ್ನು ನಿಶ್ಚಯಿಸುವ ಪರೀಕ್ಷೆ ಇದಲ್ಲ. ತಪಾಸಣಾ ಶಿಬಿರದಲ್ಲಿ ಕರಗುವಿಕೆ ಪರೀಕ್ಷೆ, ಅನಂತರ ಹಿಮೊಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ ಇವುಗಳಿಂದ ಮಾತ್ರ ನಿಶ್ಚಯವಾಗುತ್ತದೆ. ಒಂದೇ ಜೀನ್ ಹೊತ್ತ ವಾಹಕರಲ್ಲಿ ಕಣಗಳು ಸಾಮಾನ್ಯವಾಗಿ ಒಡೆಯುವುದಿಲ್ಲ. ಅವರ ಹ್ಯಾಪ್ಟೊಗ್ಲೋಬಿನ್ ವ್ಯಾಪ್ತಿಯೊಳಗೇ ಇರುತ್ತದೆ. ‘ಹ್ಯಾಪ್ಟೊಗ್ಲೋಬಿನ್ ಸರಿಯಿದೆ, ಆದ್ದರಿಂದ ನಮ್ಮ ಮನೆಯಲ್ಲಿ ಸಿಕಲ್ ಇಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಿಯೇ ತಿದ್ದಬೇಕು. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೆಂಡೆಲನ ಬಟಾಣಿಯ ಚೌಕ ಇಲ್ಲಿ ಮನೆಯ ಸಂಗತಿಯಾಗುತ್ತದೆ.

ಆ ಚೌಕವನ್ನು ಕಪ್ಪುಹಲಗೆಯಲ್ಲಿ ಬರೆಯುವಾಗ ತರಗತಿಯ ಯಾವ ಮಗುವನ್ನೂ ಉದಾಹರಣೆಯಾಗಿ ತೋರಿಸಬಾರದು, ಸಮುದಾಯದ ಹೆಸರನ್ನೂ ಎತ್ತಬಾರದು. ರೋಗವಿರುವ ಮಗುವಿಗೆ ಪಾಠದ ನಡುವೆಯೂ ನೀರು ಕುಡಿಯಲು, ಶೌಚಕ್ಕೆ ಹೋಗಲು ಅನುಮತಿ ಬೇಕು. ಚಳಿಯ ಬೆಳಗಿನಲ್ಲಿ ಅಂಗಳದಲ್ಲಿ ನಿಲ್ಲಿಸುವುದು, ದಣಿಯುವವರೆಗೆ ಓಡಿಸುವುದು ನೋವಿನ ಬಾಧೆಯನ್ನು ತರಬಹುದು. ಜ್ವರ ಬಂದರೆ ಸಂಜೆಯವರೆಗೆ ಕಾಯದೆ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕಳುಹಿಸತಕ್ಕದ್ದು.

ಜಗಲಿಯಲ್ಲಿ ನಿಂತ ಪೋಷಕರಿಗೆ

ವರದಿಯನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಓದದಿರುವುದು ಮೊದಲನೆಯ ಸೌಜನ್ಯ. ಮಗುವನ್ನು ದೂರ ಕಳುಹಿಸಿ, ಪೋಷಕರನ್ನು ಕುಳ್ಳಿರಿಸಿಕೊಂಡು, ಹೆಸರು, ವಯಸ್ಸು, ರಕ್ತ ತೆಗೆದ ದಿನಾಂಕ ಸರಿಯಾಗಿವೆಯೇ ನೋಡಬೇಕು. ಬೇರೆ ಮಗುವಿನ ವರದಿ ಕೈಸೇರುವುದೂ ಉಂಟು. ಬಳಿಕ ಇರುವುದನ್ನು ಇರುವಂತೆ ಕನ್ನಡದಲ್ಲಿ ಹೇಳಬೇಕು: ‘ಇದು ರಕ್ತಕಣ ಒಡೆಯುತ್ತಿದೆಯೇ ಎಂದು ತಿಳಿಯಲು ಮಾಡಿದ ಪರೀಕ್ಷೆ. ಅಂಕಿ ಇಷ್ಟಿದೆ, ಅವರು ಹಾಕಿದ ವ್ಯಾಪ್ತಿ ಇಷ್ಟು. ಇದೊಂದರಿಂದಲೇ ಯಾರೂ ತೀರ್ಮಾನ ಮಾಡುವುದಿಲ್ಲ.’ ರೋಗದ ಹೆಸರನ್ನು ನಾವಾಗಿ ಹೇಳುವುದು ಬೇಡ. ‘ಏನೂ ಇಲ್ಲ’ ಎನ್ನುವುದೂ ಬೇಡ. ಆ ಎರಡನೆಯ ಮಾತು ಕರುಣೆಯಿಂದ ಬಂದರೂ ಅದರ ಬೆಲೆ ತೆರುವವರು ಅವರೇ.

ನಾವು ಮಾಡಬಹುದಾದ ನಿಜವಾದ ಉಪಕಾರ ಇನ್ನೊಂದಿದೆ. ಪೋಷಕರು ವೈದ್ಯರ ಎದುರು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು. ಒಂದು ಬದಿಯಲ್ಲಿ ಕನ್ನಡದಲ್ಲಿ, ಇನ್ನೊಂದು ಬದಿಯಲ್ಲಿ ವೈದ್ಯರು ಓದುವ ಭಾಷೆಯಲ್ಲಿ. ರಕ್ತ ತೆಗೆದಾಗ ಮಗುವಿಗೆ ಜ್ವರವಿತ್ತು, ಅದರಿಂದ ಅಂಕಿ ಬದಲಾಗಿರಬಹುದೇ? ಎಲ್‌ಡಿಎಚ್, ಬಿಲಿರುಬಿನ್, ರೆಟಿಕ್ಯುಲೊಸೈಟ್ ನೋಡಿದ್ದೀರಾ? ಹಿಮೊಗ್ಲೋಬಿನ್ ಬಗೆಯ ಪರೀಕ್ಷೆ ಬೇಕೇ? ಮತ್ತೆ ಯಾವಾಗ ಮಾಡಿಸಬೇಕು, ಅದೇ ಪ್ರಯೋಗಾಲಯದಲ್ಲಿ ಮಾಡಿಸಬೇಕೇ? ಕಳೆದ ತಿಂಗಳು ತೆಗೆದುಕೊಂಡ ಮಾತ್ರೆಗಳ ಹೆಸರನ್ನೂ ಚೀಟಿಯ ಕೆಳಗೆ ಬರೆಯಬೇಕು. ನಾಟಿ ಮದ್ದು ಕೊಟ್ಟಿದ್ದರೆ ಮುಚ್ಚಿಡದೆ ಅದನ್ನೂ ಸೇರಿಸಬೇಕು. ಹಳೆಯ ವರದಿಗಳಿದ್ದರೆ ದಿನಾಂಕದ ಕ್ರಮದಲ್ಲಿ ಜೋಡಿಸಿ, ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ ಕೊಡಿ.